ಶಿಶಿಲದ ಮತ್ಸ್ಯತೀರ್ಥ: ಕಾವಲಿಗೆ ಪೂರ್ತಿ ಅಂಕ, ಮಂಡಕ್ಕಿಗೆ ಅರ್ಧ

ಕೊಕ್ಕಡ, ಅರಸಿನಮಕ್ಕಿ ದಾಟಿ ಘಟ್ಟದ ಬುಡಕ್ಕೆ ಬಂದರೆ ಬೆಳ್ತಂಗಡಿ ತಾಲೂಕಿನ ಶಿಶಿಲ. ಶಿಶಿಲೇಶ್ವರ ದೇವಸ್ಥಾನದ ಮಗ್ಗುಲಲ್ಲೇ ಕಪಿಲಾ ಹೊಳೆ, ಹೊಳೆಯ ಕಯದಲ್ಲಿ, ಅಂದರೆ ಆಳದ ಗುಂಡಿಯಲ್ಲಿ, ದೇವರ ಮೀನು. ತುಳುವಿನಲ್ಲಿ ಪೆರುವೋಲು, ಪುಸ್ತಕದಲ್ಲಿ ಮಹಶೀರ್. ಬಾಯಿಯ ಸುತ್ತ ನಾಲ್ಕು ಮೀಸೆ, ನಾಣ್ಯದಷ್ಟಗಲದ ಹುರುಪೆ. ಮೈಪಕ್ಕದ ಗೆರೆಯ ಉದ್ದಕ್ಕೂ ಎಣಿಸಿದರೆ 25ರಿಂದ 27 ಹುರುಪೆ ಸಿಗುತ್ತವೆ.

ನೋಡಲು ಹೋಗುವುದಾದರೆ ಡಿಸೆಂಬರ್, ಜನವರಿ ಒಳ್ಳೆಯದು. ನೀರು ತಿಳಿಯಾಗಿರುತ್ತದೆ, ಹರಿವೂ ಇರುತ್ತದೆ. ಪೋಲರೈಸ್ಡ್ ಕನ್ನಡಕ ಹಾಕಿಕೊಂಡರೆ ನೀರಿನ ಹೊಳಪು ಸತ್ತು ತಳದ ಮೀನೂ ಕಾಣುತ್ತದೆ. ಏಪ್ರಿಲ್‌ನಲ್ಲಿ ಮೀನು ಇನ್ನೂ ದಟ್ಟವಾಗಿ ಕಾಣುತ್ತದೆ ನಿಜ, ಆದರೆ ಅದು ಹೊಳೆ ಬತ್ತಿ ಎಲ್ಲವೂ ಒಂದೇ ಗುಂಡಿಗೆ ಸೇರಿದ್ದರಿಂದ. ಮಳೆಗಾಲದಲ್ಲಿ ಕೆಂಪು ನೀರು ಬಿಟ್ಟರೆ ಬೇರೇನೂ ಕಾಣದು. ನೀರಿಗೆ ಇಳಿಯುವ ಮಾತೂ ಬೇಡ.

ಕಾವಲು ಮಾತ್ರ ಅಚ್ಚುಕಟ್ಟು. ಇಲ್ಲಿ ಗಾಳ ಹಾಕುವ ಧೈರ್ಯ ಯಾರಿಗೂ ಇಲ್ಲ. ದೇವರ ಭಯ ಒಂದು ಕಡೆ, ಊರವರ ಕಣ್ಣು ಇನ್ನೊಂದು ಕಡೆ. ಹಾಗಿದ್ದೂ 1996ರಲ್ಲಿ ಕಿಡಿಗೇಡಿಗಳು ವಿಷ ಬೆರೆಸಿ ಸಾವಿರಾರು ಮೀನು ಸತ್ತವು. ಆಮೇಲೆ ಇಲ್ಲಿ ಮೀನುಗಳಿಗೆ ಸ್ಮಾರಕ ಕಟ್ಟಿದರು. ರಕ್ಷಣೆಗೆಂದು ಊರವರು ಸಂಘಟನೆಯನ್ನೂ ಮಾಡಿಕೊಂಡರು. ಆ ಘಟನೆಯಲ್ಲೇ ಈ ಜಾಗದ ದೌರ್ಬಲ್ಯವೂ ಇದೆ: ಮೀನೆಲ್ಲ ಒಂದೇ ಕಯದಲ್ಲಿ ನೆರೆದಿದ್ದರೆ ಕೆಡಿಸಲು ಒಬ್ಬನೇ ಸಾಕು.

ನಮ್ಮ ತಕರಾರು ಬಂದವರು ಮೀನಿಗೆ ಚೆಲ್ಲುವ ಮಂಡಕ್ಕಿಯದ್ದು. ಮಹಶೀರ್‌ಗೆ ಗಂಟಲಲ್ಲಿ ಹಲ್ಲಿದೆ; ಏಡಿ, ಬಸವನಹುಳು, ಉದುರಿದ ಕಾಡುಹಣ್ಣು ಅರೆದು ತಿನ್ನುವ ಪ್ರಾಣಿ ಅದು. ದಿನವಿಡೀ ಬರೀ ಪಿಷ್ಟ ಸಿಕ್ಕರೆ ಮೇಯುವುದನ್ನೇ ಬಿಟ್ಟು ಮೆಟ್ಟಿಲ ಬುಡದಲ್ಲೇ ನಿಲ್ಲುತ್ತದೆ. ಉಳಿದದ್ದು ಕೊಳೆತು ನೀರಿನ ಆಮ್ಲಜನಕ ತಿನ್ನುತ್ತದೆ. ಬೇಸಿಗೆಯಲ್ಲಿ ಮೊದಲೇ ಅದು ಕಡಿಮೆ. ಮನೆಮಂದಿಗೆಲ್ಲ ಸೇರಿ ಒಂದು ಹಿಡಿ ಸಾಕು. ಸ್ವಲ್ಪ ಸ್ವಲ್ಪವೇ ಚೆಲ್ಲಿ. ಒಂದು ನಿಮಿಷವಾದರೂ ಕಾಳು ತೇಲುತ್ತಲೇ ಇದ್ದರೆ ಹೊಟ್ಟೆ ತುಂಬಿದೆ ಎಂದರ್ಥ, ಅಲ್ಲಿಗೆ ನಿಲ್ಲಿಸಿ. ಹರಕೆಯ ಅಕ್ಕಿ ಇದಕ್ಕಿಂತ ಕೆಟ್ಟದ್ದು, ನೇರ ತಳಕ್ಕಿಳಿದು ಅಲ್ಲೇ ಹುಳಿಯುತ್ತದೆ. ಚಿಟಿಕೆಯಷ್ಟು ನೀರಿಗೆ ಹಾಕಿ ಉಳಿದದ್ದನ್ನು ದೇವಸ್ಥಾನಕ್ಕೆ ಒಪ್ಪಿಸಿದರೆ ಹರಕೆಗೇನೂ ಕುಂದಿಲ್ಲ. ಬಿಸ್ಕತ್ತು, ಬ್ರೆಡ್ಡು ಬೇಡವೇ ಬೇಡ. ಪ್ಲಾಸ್ಟಿಕ್ ತೊಟ್ಟೆ ಮರಳಿ ಕಿಸೆಗೇ ಹೋಗಲಿ.

ಇನ್ನು ಕಯದ ಹೊರಗೆ. ಈ ಮೀನು ಮಳೆಗಾಲದಲ್ಲಿ ಹೊಳೆಯೇರಿ ಹೋಗಿ ಜಲ್ಲಿಕಲ್ಲಿನ ನಡುವೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆಯಲು ಮೂರು ನಾಲ್ಕು ದಿನ ಬೇಕು, ಮರಿ ಮತ್ತೂ ಕೆಲವು ದಿನ ಕಲ್ಲಿನ ಸಂದಿಯಲ್ಲೇ ಇರುತ್ತದೆ. ಜಲ್ಲಿ, ಮರಳು ಎತ್ತಿದರೆ ತೊಟ್ಟಿಲನ್ನೇ ಹೊತ್ತೊಯ್ದಂತೆ. ಕಿಂಡಿ ಅಣೆಕಟ್ಟಿನ ಹಲಗೆ ತೆಗೆಯುವುದು ತಡವಾದರೆ ಮೀನು ಮೇಲೇರಲಾಗದು. ತೋಟೆ (ಸಿಡಿಮದ್ದು) ಹಾಕಿ ಮೀನು ಹಿಡಿಯುವವರನ್ನು ಎಲ್ಲರೂ ಬೈಯುತ್ತಾರೆ, ಸರಿಯೇ. ಆದರೆ ಅದೇ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಯಾರೂ ಎತ್ತುವುದಿಲ್ಲ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನ ತಾಮ್ರ ಮೀನಿಗೆ ಅತ್ಯಲ್ಪ ಪ್ರಮಾಣದಲ್ಲೂ ವಿಷ. ಸಿಂಪಡಿಸಿದ ಮೇಲೆ ಡ್ರಮ್ಮನ್ನು ತೋಡಿನಲ್ಲಿ ತೊಳೆಯದೆ, ಆ ನೀರನ್ನು ತೋಟದ ಬುಡಕ್ಕೇ ಸುರಿಯುವ ಕ್ರಮ ಬಂದರೆ ಮೇಲಿನ ಮರಿಗಳಿಗೆ ದೇವಸ್ಥಾನದ ಕಾವಲಿಗಿಂತ ಹೆಚ್ಚು ಉಪಕಾರ.

ಎಲ್ಲಿಂದಲೋ ಮೀನು ತಂದು ಇಲ್ಲಿ ಬಿಡುವ ಪುಣ್ಯವೂ ಬೇಡ. ಲೋನಾವಳದಲ್ಲಿ ಮರಿ ಮಾಡಿದ ಮಹಶೀರನ್ನು ಕಾವೇರಿಗೆ ಒಳ್ಳೆಯ ಮನಸ್ಸಿನಿಂದಲೇ ಬಿಟ್ಟಿದ್ದರು. ಹೊರಗಿನ ಈ ಮೀನಿನ ಪೈಪೋಟಿಯೂ ಸೇರಿ, ಕಾವೇರಿಯದ್ದೇ ಆದ ಗೂನುಬೆನ್ನಿನ ಬಿಳಿಮೀನು (ಅದೂ ಒಂದು ಮಹಶೀರ್) ಈಗ ಅಳಿವಿನಂಚಿನ ಜೀವಿಗಳ ಐಯುಸಿಎನ್ ಪಟ್ಟಿಯಲ್ಲಿ ತೀವ್ರ ಅಪಾಯದಲ್ಲಿರುವ ಜಾತಿ.

ಶೃಂಗೇರಿಯ ತುಂಗೆಯಲ್ಲೂ ಇಂಥದೇ ಮೀನುಗಳಿವೆ. ಅಲ್ಲಿ ಮೆಟ್ಟಿಲು ವಿಶಾಲ, ಹಿರಿಯರಿಗೆ ಅನುಕೂಲ, ಜನಜಂಗುಳಿಯೂ ಅಷ್ಟೇ. ಮೀನನ್ನು ನೆಮ್ಮದಿಯಾಗಿ ನೋಡಬೇಕೆನ್ನುವವರಿಗೆ ಶಿಶಿಲವೇ ಸರಿ.

ಹೋದಾಗ ಸತ್ತ ಮೀನು ಕಂಡರೆ ಗಮನಿಸಿ. ನಸುಕಿನಲ್ಲಿ ಮೇಲೆ ಬಂದು ಬಾಯಿ ಬಡಿಯುತ್ತ ದೊಡ್ಡವೇ ಮೊದಲು ಸಾಯುತ್ತಿದ್ದರೆ ಉಸಿರಿನ ಕೊರತೆ ಇರಬಹುದು. ದೊಡ್ಡದು ಚಿಕ್ಕದು ಎನ್ನದೆ ಒಟ್ಟಿಗೆ ಮಗುಚಿದ್ದು, ಕಿವಿರಿಗೆ ಲೋಳೆ ಕಟ್ಟಿದ್ದರೆ ವಿಷದ ಅನುಮಾನ. ಸ್ವಚ್ಛ ಬಾಟಲಿಯಲ್ಲಿ ಗಾಳಿ ಉಳಿಯದಂತೆ ಬಾಯಿತನಕ ನೀರು ತುಂಬಿಸಿ, ಒಂದೆರಡು ಮೀನನ್ನು ಮಂಜುಗಡ್ಡೆಯಲ್ಲಿಟ್ಟು, ದೇವಸ್ಥಾನದವರಿಗೂ ಮೀನುಗಾರಿಕೆ ಇಲಾಖೆಗೂ ಅಂದೇ ತಿಳಿಸಿ. ಹರಿಯುವ ಹೊಳೆಯಲ್ಲಿ ಮರುದಿನಕ್ಕೆ ಸಾಕ್ಷಿ ಉಳಿಯುವುದಿಲ್ಲ.