ಕಲ್ಲುಗೋಡೆಯ ಮನೆಯಲ್ಲಿ ವೈಫೈ ಎಕ್ಸ್‌ಟೆಂಡರ್: ಮೂರು ತಿಂಗಳ ಬಳಕೆಯ ನಂತರ

ರಾಯಚೂರಿನ ಹಳೆಯ ಓಣಿಯೊಂದರಲ್ಲಿರುವ ನಮ್ಮ ಮನೆಯ ಮುಂಭಾಗ ಅಜ್ಜನ ಕಾಲದ್ದು, ಗೋಡೆಗಳು ಎರಡು ಅಡಿ ದಪ್ಪದ ಕಲ್ಲಿನವು. ಹಿತ್ತಲ ಕಡೆಗೆ ನಂತರ ಆರ್‌ಸಿಸಿ ಹಾಕಿಸಿ ಮೇಲೊಂದು ಕೋಣೆ ಕಟ್ಟಿಸಿದೆವು. 100 ಎಂಬಿಪಿಎಸ್ ಫೈಬರ್ ಸಂಪರ್ಕದ ರೂಟರ್ ಪಡಸಾಲೆಯಲ್ಲಿದೆ. ಮಗಳು ಆನ್‌ಲೈನ್ ತರಗತಿಗೆ ಕೂರುವುದು ಮೇಲಿನ ಕೋಣೆಯಲ್ಲಿ. ಅಲ್ಲಿಗೆ ಸಿಗ್ನಲ್ ತಲುಪಿಸಲು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಎಸಿ 1200 ದರ್ಜೆಯ, ಅಂದರೆ ವೈಫೈ ವೇಗ ಒಟ್ಟು 1200 ಎಂಬಿಪಿಎಸ್ ಎಂದು ಹೇಳಿಕೊಳ್ಳುವ, ಎಕ್ಸ್‌ಟೆಂಡರ್ ತಂದು, ಒಂದು ತಿಂಗಳು ವೈರ್‌ಲೆಸ್ ಆಗಿಯೂ ಎರಡು ತಿಂಗಳು ಲ್ಯಾನ್ ಕೇಬಲ್ ಮೂಲಕವೂ ಬಳಸಿದ್ದೇನೆ.

ವೈರ್‌ಲೆಸ್ ಆಗಿ ಜೋಡಿಸುವುದು ಸುಲಭ. ಐದು ನಿಮಿಷದಲ್ಲಿ ಮೆಟ್ಟಿಲ ಬುಡದಲ್ಲಿ ದೀಪ ಉರಿಯಿತು, ಮೊಬೈಲಿನಲ್ಲಿ ಎಲ್ಲ ಗೆರೆಗಳೂ ತುಂಬಿದವು. ಆದರೆ ಆ ಗೆರೆಗಳು ತೋರಿಸುವುದು ಮೊಬೈಲಿಗೂ ಎಕ್ಸ್‌ಟೆಂಡರಿಗೂ ನಡುವಿನ ಸಂಪರ್ಕವನ್ನು ಮಾತ್ರ; ಎಕ್ಸ್‌ಟೆಂಡರಿಗೂ ರೂಟರಿಗೂ ನಡುವಿನ ಕೊಂಡಿ, ಅಂದರೆ ಬ್ಯಾಕ್‌ಹಾಲ್, ಎಷ್ಟು ಗಟ್ಟಿಯಾಗಿದೆ ಎಂಬುದು ಅಲ್ಲಿ ಕಾಣುವುದಿಲ್ಲ. ವೇಗ ಅಳೆದರೆ ಮೇಲೆ ಸಿಗುತ್ತಿದ್ದುದು 20ರಿಂದ 30 ಎಂಬಿಪಿಎಸ್. ಸಂಜೆ ಅದೂ ಕುಸಿದು, ತರಗತಿಯ ನಡುವೆ ಶಿಕ್ಷಕರ ಧ್ವನಿ ತುಂಡಾಗುತ್ತಿತ್ತು.

ಇದಕ್ಕೆ ಉಪಕರಣವನ್ನು ದೂರುವುದು ಸರಿಯಲ್ಲ. ಒಂದೇ ರೇಡಿಯೊ ರೂಟರಿನಿಂದ ಕೇಳಿಸಿಕೊಂಡದ್ದನ್ನೇ ಮತ್ತೆ ಮೊಬೈಲಿಗೆ ಹೇಳಬೇಕಾದಾಗ ಪ್ರತಿಯೊಂದು ಮಾತಿಗೂ ಗಾಳಿಯಲ್ಲಿ ಎರಡು ಸರದಿ ಬೇಕಾಗುತ್ತದೆ, ಹಾಗಾಗಿ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎರಡು ಬ್ಯಾಂಡ್, ಅಂದರೆ ಎರಡು ಬೇರೆ ಅಲೆಪಟ್ಟಿಗಳು, ಇರುವ ಎಕ್ಸ್‌ಟೆಂಡರ್ 5 ಗಿಗಾಹರ್ಟ್ಸ್‌ನಲ್ಲಿ ರೂಟರಿನೊಂದಿಗೆ, 2.4ರಲ್ಲಿ ಮೊಬೈಲಿನೊಂದಿಗೆ ಮಾತಾಡಿ ಈ ನಷ್ಟ ತಪ್ಪಿಸಬಲ್ಲದು. ಆದರೆ 5 ಗಿಗಾಹರ್ಟ್ಸ್ ಅಲೆಗಳು ದಪ್ಪ ಕಲ್ಲನ್ನು ದಾಟುವಷ್ಟರಲ್ಲಿ ಸೊರಗಿಬಿಡುತ್ತವೆ. ಉಳಿಯುವುದು 2.4, ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂದು ಮೂರೇ. ಅಕ್ಕಪಕ್ಕದ ಮನೆಗಳ ರೂಟರ್‌ಗಳೆಲ್ಲ ಅವನ್ನೇ ಹಂಚಿಕೊಳ್ಳಬೇಕಾಗಿರುವುದರಿಂದ ಸಂಜೆಯ ಕುಸಿತ ಸಹಜವೇ.

ಕೊನೆಗೆ ವೈರ್‌ಮನ್‌ನನ್ನು ಕರೆಸಿದೆ. ಕಲ್ಲುಗೋಡೆ ಕೊರೆಯಬೇಕಾದೀತು ಎಂಬ ನನ್ನ ಅಂಜಿಕೆಗೆ ಆತ, "ಗ್ವಾಡಿ ತೂತು ಹೊಡಿಯೋದು ಬ್ಯಾಡ್ರೀ ಸರ್, ಡಿಶ್ ವೈರ್ ಬಂದ ಕಿಟಕಿ ಮೂಲ್ಯಾಗ ತರ್ತೀನ್ರಿ" ಎಂದು, 22 ಮೀಟರ್ ಕ್ಯಾಟ್ 6 ದರ್ಜೆಯ ಲ್ಯಾನ್ ಕೇಬಲನ್ನು ಒಂದು ಮಧ್ಯಾಹ್ನದಲ್ಲಿ ಎಳೆದು ಮುಗಿಸಿದರು. ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದನ್ನೇ ಕೇಳಿ ಪಡೆಯಬೇಕು. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಮಾಲು ನೋಡಲು ಹಾಗೆಯೇ ಇದ್ದರೂ ಬೇಗ ಮುರಿಯುತ್ತದೆ. ಮನೆಯ ಅಳತೆಗೆ ಅದಕ್ಕಿಂತ ಕೆಳಗಿನ ದರ್ಜೆಯ ಕ್ಯಾಟ್ 5ಇ ಸಹ ಸಾಕು, ಅದೂ 100 ಮೀಟರಿನವರೆಗೆ 1 ಗಿಗಾಬಿಟ್ ಒಯ್ಯುತ್ತದೆ. ನಮ್ಮಲ್ಲಿ ಕೇಬಲ್ ಮಾಳಿಗೆಯ ಅಂಚಿನಲ್ಲಿ ಸ್ವಲ್ಪ ದೂರ ಬಿಸಿಲಿಗೆ ಬರುತ್ತದೆ, ರಾಯಚೂರಿನ ಮೇ ತಿಂಗಳ ಬಿಸಿಲಿಗೆ ಅದರ ಹೊದಿಕೆ ಬಿರಿಯುವುದು ಖಂಡಿತವಾದ್ದರಿಂದ ಅಷ್ಟು ಭಾಗವನ್ನು ಪಿವಿಸಿ ಪೈಪಿನೊಳಗೆ ಹಾಕಿಸಿದೆ. ಕರೆಂಟ್ ವೈರ್ ಇರುವ ಪೈಪಿನಲ್ಲಿ ಇದನ್ನು ಸೇರಿಸಬಾರದು.

ನಂತರ ಎಕ್ಸ್‌ಟೆಂಡರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ (ಕೇಬಲಿನಲ್ಲಿ ಬಂದ ಸಂಪರ್ಕವನ್ನು ವೈಫೈ ಆಗಿ ಹರಡುವ ಬಗೆಗೆ) ಬದಲಿಸಿ, ರೂಟರಿನದೇ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟೆ. ವೈರ್‌ಲೆಸ್ ಆಗಿದ್ದಾಗ ಅದನ್ನು ಸಿಗ್ನಲ್ ಇನ್ನೂ ಚೆನ್ನಾಗಿರುವ ಅರ್ಧದಾರಿಯಲ್ಲೇ ಇಡಬೇಕಿತ್ತು. ಈಗ ಮಗಳ ಮೇಜಿನ ಪಕ್ಕದಲ್ಲೇ ಇದೆ. ವೇಗ 90 ಎಂಬಿಪಿಎಸ್ ದಾಟುತ್ತದೆ, ಸಂಜೆಯೂ ಅಷ್ಟೇ. ಎರಡು ತಿಂಗಳಲ್ಲಿ ತರಗತಿ ಒಮ್ಮೆಯೂ ಕಡಿದಿಲ್ಲ.

ಉಪಕರಣದ ಬಗ್ಗೆ ನನ್ನ ನಿಜವಾದ ಅಸಮಾಧಾನ ಒಂದೇ. ಡಬ್ಬಿಯ ಮೇಲೆ 1200 ಎಂದು ದೊಡ್ಡದಾಗಿ ಅಚ್ಚಾಗಿದ್ದರೂ ಅದರ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದು, ಮತ್ತು ಆ ಸಂಗತಿ ಒಳಗಿನ ಕೈಪಿಡಿಯಲ್ಲಿ ಸಣ್ಣಕ್ಷರದಲ್ಲಷ್ಟೇ ಇದೆ. ನಮ್ಮ ಪ್ಲಾನಿಗೆ ತೊಂದರೆಯಿಲ್ಲ. 200 ಅಥವಾ 300ರ ಪ್ಲಾನ್ ಇರುವವರು ವೈರ್ ಎಳೆಸಿಯೂ 100ಕ್ಕಿಂತ ಕೆಳಗೇ ಉಳಿಯುತ್ತಾರೆ. ಅಂಥವರು ಗಿಗಾಬಿಟ್ ಪೋರ್ಟ್ ಇರುವ ಮಾದರಿಯನ್ನೇ ಕೊಳ್ಳಬೇಕು, ಕೇಬಲಿನ ನಾಲ್ಕೂ ಜೋಡಿ ಎಳೆಗಳು ತುದಿಯ ಪ್ಲಗ್ಗಿಗೆ ಸರಿಯಾಗಿ ಕ್ರಿಂಪ್ ಆಗಿವೆಯೇ, ಅಂದರೆ ಒತ್ತಿ ಕೂರಿಸಲಾಗಿದೆಯೇ, ಎಂದು ನೋಡಿಸಬೇಕು. 100 ಎಂಬಿಪಿಎಸ್ ಎರಡೇ ಜೋಡಿಯಲ್ಲಿ ನಡೆಯುತ್ತದೆ, ಗಿಗಾಬಿಟ್‌ಗೆ ನಾಲ್ಕೂ ಬೇಕು.

ಬಾಡಿಗೆ ಮನೆಯಲ್ಲಿರುವವರಿಗೆ, ತೆಳು ಇಟ್ಟಿಗೆ ಗೋಡೆಯ ಎರಡು ಕೋಣೆಯ ಮನೆಯವರಿಗೆ ವೈರ್‌ಲೆಸ್ ಸಾಕಾದೀತು. ನಮ್ಮಲ್ಲಿ ಬಾಕಿ ಇರುವುದು ಕರೆಂಟಿನ ವಿಷಯ: ಕೆಳಗಿನ ರೂಟರ್ ಇನ್ವರ್ಟರ್ ಲೈನಿನಲ್ಲಿದೆ, ಮೇಲಿನ ಪ್ಲಗ್ ಇಲ್ಲ. ಆ ಲೈನನ್ನೂ ಎಳೆದುಕೊಡಲು ಅದೇ ವೈರ್‌ಮನ್‌ಗೆ ಹೇಳಿದ್ದೇನೆ.