ಕಾಲೇಜಿನ ರಿಸರ್ಚ್ ಸೆಂಟರ್‌ಗೆ ಹಣ ಕಟ್ಟುವ ಮುಂಚೆ ಲಾಗ್‌ಬುಕ್ ತೆರೆಸಿ ನೋಡಿ

ಮೈಸೂರು, ಮಂಡ್ಯ ಕಡೆ ಕಾಲೇಜಿನೊಳಗಿನ ಸಂಶೋಧನಾ ಕೇಂದ್ರಕ್ಕೆ ಪಿಎಚ್‌ಡಿಗೆಂದೋ, ಅಲ್ಲೇ ಪಕ್ಕದ ತರಬೇತಿ ಕೇಂದ್ರಕ್ಕೆ ಸರ್ಟಿಫಿಕೇಟ್ ಕೋರ್ಸಿಗೆಂದೋ ಸೇರಲು ಹೊರಟಿರುವವರು ಇದನ್ನು ಪೂರ್ತಿ ಓದಿ. ಅದರಲ್ಲೂ ನನ್ನ ಹಾಗೆ ಅತಿಥಿ ಉಪನ್ಯಾಸಕರಾಗಿರುವವರು. ಪಿಎಚ್‌ಡಿ, ನೆಟ್, ಕೆ-ಸೆಟ್ ಯಾವುದೂ ಕೈಯಲ್ಲಿಲ್ಲದಿದ್ದರೆ ಪ್ರತಿ ವರ್ಷ ಅತಿಥಿ ಉಪನ್ಯಾಸಕರನ್ನು ಆರಿಸುವ ಕೌನ್ಸೆಲಿಂಗ್ ಹೊತ್ತಿಗೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅನ್ನೋದು ನಮಗೆ ಗೊತ್ತು. ಆ ಅವಸರವನ್ನೇ ನಂಬಿ ನಡೆಯುವ ಕೇಂದ್ರಗಳಿವೆ. ಅಂಥದ್ದೊಂದರಲ್ಲಿ ನನ್ನ ಎರಡು ವರ್ಷಕ್ಕೂ ಹೆಚ್ಚು ಕಾಲ ಹೋಯಿತು. ಕಾಲೇಜಿನ ಹೆಸರು ಇಲ್ಲಿ ಬರೆಯುವುದಿಲ್ಲ. ಕೆಲವರ ವಿಷಯ ಅಲ್ಲಿ ಇನ್ನೂ ಇತ್ಯರ್ಥವಾಗಿಲ್ಲ, ಅವರಿಗೆ ತೊಂದರೆ ಆಗಬಾರದು.

ನಾನು ರಸಾಯನಶಾಸ್ತ್ರದವಳು. ಎಂಎಸ್ಸಿ ಮುಗಿಸಿ ಮಂಡ್ಯದ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ಪಾರ್ಟ್-ಟೈಮ್ ಪಿಎಚ್‌ಡಿಗೆ ನಾನು ಆರಿಸಿಕೊಂಡ ವಿಷಯ ಕಬ್ಬಿನ ಗದ್ದೆ ಪಕ್ಕದ ಬೋರ್‌ವೆಲ್ ನೀರಿನಲ್ಲಿ ಅಟ್ರಜಿನ್ ಎಷ್ಟಿದೆ ಅನ್ನುವುದು. ಅಟ್ರಜಿನ್ ಅಂದರೆ ಕಬ್ಬಿಗೆ, ಜೋಳಕ್ಕೆ ಹೊಡೆಯುವ ಕಳೆನಾಶಕ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಐಎಸ್ 10500. ಅದರ ಪ್ರಕಾರ ಲೀಟರಿಗೆ 2 ಮೈಕ್ರೋಗ್ರಾಂಗಿಂತ ಹೆಚ್ಚು ಅಟ್ರಜಿನ್ ಇರುವಂತಿಲ್ಲ. ಗಡಸುತನ, ಫ್ಲೋರೈಡ್, ನೈಟ್ರೇಟ್ ನೋಡುವ ಸಾಮಾನ್ಯ ನೀರಿನ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ಇಷ್ಟು ಸಣ್ಣ ಪ್ರಮಾಣ ಹಿಡಿಯಬೇಕಾದರೆ ನೀರಿನಿಂದ ಅದನ್ನು ಬೇರ್ಪಡಿಸಿ, ಸಾಂದ್ರ ಮಾಡಿ, ಎಚ್‌ಪಿಎಲ್‌ಸಿ (ದ್ರಾವಣದಲ್ಲಿ ಬೆರೆತ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಥರದ ಯಂತ್ರಕ್ಕೆ ಕೊಡಬೇಕು. ಮೈಸೂರಿನ ಆ ಕಾಲೇಜನ್ನು ನಾನು ಆರಿಸಿದ್ದೇ ಅಲ್ಲಿ ಎಚ್‌ಪಿಎಲ್‌ಸಿ ಇದೆ ಅಂತ. ಬ್ರೋಷರಿನ ಮುಖಪುಟದಲ್ಲೇ ಅದರ ಫೋಟೋ ಇತ್ತು. ಸೇರುವ ಮುಂಚೆ ಬಾಯಿಬಿಟ್ಟು ಕೇಳಿದ್ದೆ. "ಎಲ್ಲಾ ವರ್ಕಿಂಗ್ ಕಂಡೀಷನ್ ಮೇಡಂ, ಟೆಕ್ನೀಷಿಯನ್ ಇವತ್ತು ರಜಾ, ಅದಕ್ಕೇ ಲ್ಯಾಬ್ ಬೀಗ ಹಾಕಿದೆ" ಅಂದರು. ಶುಲ್ಕದ ರಸೀದಿಯಲ್ಲಿ 'ಉಪಕರಣ ಬಳಕೆ ಶುಲ್ಕ' ಅಂತ ಬೇರೆ ಸಾಲೇ ಇತ್ತು, ಪ್ರತಿ ವರ್ಷಕ್ಕೂ.

ಕೋರ್ಸ್‌ವರ್ಕ್ ಮುಗಿದ ಮೇಲೆ ಆ ಬೀಗ ತೆಗೆಸಿದೆ. ಯಂತ್ರದ ಮೇಲೆ ಹಸಿರು ಬಟ್ಟೆಯ ಹೊದಿಕೆ ಇತ್ತು, ಅದರ ಮಡಿಕೆಗಳಲ್ಲಿ ಧೂಳು ಗೆರೆಗಟ್ಟಿತ್ತು. ಯಂತ್ರದ ಜೀವಾಳವೇ ಕಾಲಂ, ಮಾದರಿಯಲ್ಲಿರುವ ಪದಾರ್ಥಗಳು ಒಂದೊಂದಾಗಿ ಬೇರ್ಪಡುವುದು ಅದರೊಳಗೆ. ಆ ಕಾಲಂ ಯಂತ್ರದಲ್ಲಿರಲಿಲ್ಲ. ಕಪಾಟಿನಲ್ಲಿ ಕಂಪನಿಯ ಡಬ್ಬಿಯೊಳಗೇ ಇತ್ತು, ಎರಡು ತುದಿಗೂ ಕಾರ್ಖಾನೆಯವರು ಹಾಕಿದ ಮುಚ್ಚಳ ಹಾಗೇ ಇತ್ತು. ಅಂದರೆ ಈ ಲ್ಯಾಬಿಗೆ ಬಂದ ಮೇಲೆ ಒಂದು ತೊಟ್ಟು ದ್ರಾವಣವೂ ಅದರೊಳಗೆ ಹರಿದಿರಲಿಲ್ಲ.

ಯಂತ್ರ ಬಳಸಿದಾಗೆಲ್ಲ ವಿವರ ಬರೆದಿಡುವ ಲಾಗ್‌ಬುಕ್ ಮಾತ್ರ ತುಂಬಿತ್ತು! ಪುಟ ಪುಟವೂ ಒಂದೇ ಪೆನ್ನು, ಒಂದೇ ಕೈಬರಹ, ಸ್ಯಾಂಪಲ್ ಅನ್ನುವ ಕಡೆ 'ಕೆಫೀನ್, ಕೆಫೀನ್, ಕೆಫೀನ್'. ಬಳಕೆಯಲ್ಲಿರುವ ಎಚ್‌ಪಿಎಲ್‌ಸಿ ಪುಸ್ತಕದಲ್ಲಿ ಕಾಲಂ ನಂಬರ್ ಇರುತ್ತದೆ, ಯಾವ ದ್ರಾವಕ ಎಷ್ಟು ಪಾಲು ಅಂತ ಇರುತ್ತದೆ, ಪಂಪಿನ ಪ್ರೆಷರ್ ಇರುತ್ತದೆ. ಪ್ರೆಷರ್ ಬರೆಯದೆ ಯಾರೂ ಯಂತ್ರ ಬಿಟ್ಟು ಏಳುವುದಿಲ್ಲ, ನಾಳೆ ಕಾಲಂ ಕಟ್ಟಿಕೊಂಡರೆ ಗೊತ್ತಾಗುವುದೇ ಅದರಿಂದ. ಇಲ್ಲಿ ಆ ಅಂಕಣಗಳೆಲ್ಲ ಖಾಲಿ. ಕೊನೆಯ ನಮೂದು ಪರಿಶೀಲನಾ ಸಮಿತಿ ಕಾಲೇಜಿಗೆ ಬಂದು ಹೋದ ವಾರದ್ದು.

ಸರ್ವಿಸ್ ಕಾಂಟ್ರ್ಯಾಕ್ಟ್ ಮುಗಿದು ಎಷ್ಟೋ ಕಾಲ ಆಗಿತ್ತು, ನವೀಕರಿಸಲು ಬಜೆಟ್ ಇಲ್ಲ ಅಂದರು. "ಸ್ಯಾಂಪಲ್ ಹೊರಗೆ ಕೊಟ್ಟು ಮಾಡಿಸ್ಕೊಳ್ಳಿ, ಎಲ್ರೂ ಹಂಗೇ ಮಾಡೋದು" ಅಂತ ಸಲಹೆ ಬೇರೆ. ಹಾಗಾದರೆ ಉಪಕರಣ ಬಳಕೆ ಶುಲ್ಕ ಯಾವ ಉಪಕರಣಕ್ಕೆ? ಇದಕ್ಕೆ ಇವತ್ತಿನವರೆಗೂ ಉತ್ತರ ಬಂದಿಲ್ಲ.

ಆ ಹೊತ್ತಿಗೆ ನಾನು ಮದ್ದೂರು, ಮಳವಳ್ಳಿ, ಪಾಂಡವಪುರ ಕಡೆಯಿಂದ ನೀರು ತಂದಾಗಿತ್ತು. ಇಂಥ ಮಾದರಿಯನ್ನು ಕಂದು ಬಣ್ಣದ ಗಾಜಿನ ಬಾಟಲಿಯಲ್ಲಿ ತುಂಬಿ, ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಒಂದೆರಡು ವಾರದೊಳಗೆ ಎಕ್ಸ್‌ಟ್ರಾಕ್ಷನ್, ಅಂದರೆ ನೀರಿನಿಂದ ಬೇರ್ಪಡಿಸುವ ಕೆಲಸ, ಮುಗಿಸಬೇಕು. ತಡವಾದರೆ ಆಮೇಲೆ ಬರುವ ಅಂಕಿಗೆ ಬೆಲೆಯಿಲ್ಲ. ನನ್ನ ಬಾಟಲಿಗಳು ಫ್ರಿಜ್ಜಿನಲ್ಲೇ ಕಾಲ ಕಳೆದು ಕೆಟ್ಟವು, ಅಷ್ಟನ್ನೂ ಚೆಲ್ಲಬೇಕಾಯಿತು. ಹೊಟ್ಟೆ ಉರಿಯುವುದು ನನ್ನ ಪಿಎಚ್‌ಡಿಗಲ್ಲ. ಮಳವಳ್ಳಿ ಕಡೆಯ ಒಬ್ಬ ಹೆಂಗಸು ಬೋರ್ ಚಾಲೂ ಮಾಡಿ ಬಾಟಲಿ ತುಂಬಿಸಿಕೊಟ್ಟು, "ಮಕ್ಳಿಗೆ ಈ ನೀರ್ ಕುಡಿಸ್‌ಬೌದಾ ಅಂತ ಹೇಳ್ಬುಡಿ ಮೇಡಮ್ಮೋರೆ, ಆಟು ಸಾಕು" ಅಂದಿದ್ದರು. ಅವರಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಕೇಂದ್ರಗಳು ಕಾಗದದ ಮೇಲೆ ನಡೆದರೆ ನಷ್ಟ ವಿದ್ಯಾರ್ಥಿಗಳಿಗಷ್ಟೇ ಅಂತ ತಿಳಿಯುವವರಿದ್ದಾರೆ. ಆ ಹೆಂಗಸಿಗೆ ಬರಬೇಕಿದ್ದ ಉತ್ತರವೂ ಅಲ್ಲೇ ಸತ್ತಿತು.

ಇಂಥ ಕೇಂದ್ರಗಳು ಯಾಕೆ ಹುಟ್ಟುತ್ತವೆ ಅನ್ನುವುದೂ ಗೊತ್ತಿರಲಿ. ಉನ್ನತ ಶಿಕ್ಷಣ ಸಂಸ್ಥೆಗಳ ಮೌಲ್ಯಮಾಪನ ಮಾಡುವ ನ್ಯಾಕ್ ಕಾಲೇಜುಗಳನ್ನು ಏಳು ಮಾನದಂಡಗಳಲ್ಲಿ ಅಳೆಯುತ್ತಾ ಬಂದಿದೆ. ಮೂರನೆಯದು ಸಂಶೋಧನೆ, ನಾವೀನ್ಯತೆ ಮತ್ತು ವಿಸ್ತರಣೆ. ಸರ್ಟಿಫಿಕೇಟ್ ಕೋರ್ಸ್ ಎಷ್ಟು, ಒಡಂಬಡಿಕೆ ಎಷ್ಟು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅಳೆಯುವುದು ತಪ್ಪಲ್ಲ, ಅದರಿಂದಲೇ ಒಳ್ಳೆಯ ಲ್ಯಾಬು ಕಟ್ಟಿಕೊಂಡ ಕಾಲೇಜುಗಳಿವೆ. ಆದರೆ ಕೆಲವು ಆಡಳಿತ ಮಂಡಳಿಗಳಿಗೆ ಬೋರ್ಡು, ಬ್ರೋಷರು, ರಿಬ್ಬನ್ ಕತ್ತರಿಸಿದ ಫೋಟೋ ಇಷ್ಟಾದರೆ ಕೇಂದ್ರ ಆಯಿತು. ಯಂತ್ರ ಕೊಳ್ಳಲು ಒಮ್ಮೆ ಹಣ ಸಿಗುತ್ತದೆ. ಆಮೇಲೆ ವರ್ಷ ವರ್ಷ ದ್ರಾವಕ, ದೀಪ, ಪಂಪ್ ಸೀಲ್, ಆಪರೇಟರ್ ಸಂಬಳ ಯಾರು ಕೊಡಬೇಕು ಅನ್ನುವುದನ್ನು ಯಾರೂ ಯೋಚಿಸಿರುವುದಿಲ್ಲ.

ಇನ್ನು ಗೈಡ್ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್‌ಡಿ ನಿಯಮಗಳ ಪ್ರಕಾರ ಒಬ್ಬ ಪ್ರೊಫೆಸರ್ ಒಂದು ಹೊತ್ತಿಗೆ ಹೆಚ್ಚೆಂದರೆ 8 ಜನರಿಗೆ, ಅಸೋಸಿಯೇಟ್ ಪ್ರೊಫೆಸರ್ 6 ಜನರಿಗೆ, ಅಸಿಸ್ಟೆಂಟ್ ಪ್ರೊಫೆಸರ್ 4 ಜನರಿಗೆ ಮಾರ್ಗದರ್ಶನ ಮಾಡಬಹುದು. ಗೈಡ್ ಕಾಯಂ ಅಧ್ಯಾಪಕರಾಗಿರಬೇಕು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ನಮ್ಮ ಕೇಂದ್ರದ ಬೋರ್ಡಿನಲ್ಲಿ ದೊಡ್ಡಕ್ಷರದಲ್ಲಿದ್ದ ಹೆಸರು ನಿವೃತ್ತರಾಗಿ ಗೌರವಧನದ ಮೇಲೆ ಬರುತ್ತಿದ್ದ ಹಿರಿಯರದ್ದು. ಅವರ ವಿದ್ವತ್ತಿನ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಅವರು ನನ್ನ ಗೈಡ್ ಆಗಲು ಬರುತ್ತಿರಲಿಲ್ಲ. ಕಾಗದದಲ್ಲಿ ನನಗೆ ಕೊಟ್ಟದ್ದು ಬೇರೊಬ್ಬ ಅಸಿಸ್ಟೆಂಟ್ ಪ್ರೊಫೆಸರನ್ನು. ಅವರು ಎರಡನೇ ವರ್ಷದ ನಡುವೆ ಒಳ್ಳೆಯ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರು. ಅವರನ್ನು ದೂರಲಾರೆ, ಹೋಗುವ ದಿನದವರೆಗೂ ನನ್ನ ಕೆಲಸ ನೋಡಿದವರು ಅವರೊಬ್ಬರೇ. ಉಳಿದ ಒಬ್ಬರ ಬಳಿ ನಾಲ್ಕು ಜಾಗವೂ ಭರ್ತಿ. ಅಲ್ಲಿಗೆ ಕೇಂದ್ರದಲ್ಲಿ ನನಗೆ ಗೈಡೇ ಇಲ್ಲ, ಶುಲ್ಕದ ನೋಟಿಸ್ ಮಾತ್ರ ತಪ್ಪದೆ ಬರುತ್ತಿತ್ತು.

ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ನಿಂತು ಪ್ರಗತಿ ಹೇಳಬೇಕು ಅಂತ ಅದೇ ನಿಯಮದಲ್ಲಿದೆ. ಅಲ್ಲಿ ಸಭೆಯ ಬದಲು ಒಂದು ಹಾಳೆ ಬರುತ್ತಿತ್ತು. 'ಪ್ರಗತಿ ತೃಪ್ತಿಕರ' ಅಂತ ಮೊದಲೇ ಟೈಪ್ ಆಗಿರುತ್ತಿತ್ತು, ನಾವು ಸಹಿ ಹಾಕಬೇಕಿತ್ತು. ಗೈಡ್ ಹೋದ ಮೇಲೆ ಬಂದ ಹಾಳೆಗೆ ನಾನು ಸಹಿ ಹಾಕದೆ, 'ಸಭೆ ನಡೆದಿಲ್ಲ, ಉಪಕರಣ ಕೆಲಸ ಮಾಡುತ್ತಿಲ್ಲ, ಗೈಡ್ ಇಲ್ಲ' ಅಂತ ಬರೆದು ವಾಪಸ್ ಕೊಟ್ಟೆ. ಮುಂದೆ ನನ್ನ ಕೈ ಹಿಡಿದದ್ದು ಆ ಹಾಳೆಯ ಜೆರಾಕ್ಸೇ.

ತರಬೇತಿ ಕೇಂದ್ರ ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿತ್ತು, ಹೆಸರು ವೃತ್ತಿಪರ ವಿಶ್ಲೇಷಣಾ ತರಬೇತಿ ಕೇಂದ್ರ ಅಂತ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ನಾಗಮಂಗಲ ಕಡೆಯ ಹುಡುಗಿ, ಎಂಎಸ್ಸಿ ಆದಮೇಲೆ ಅಲ್ಲಿ ಎಚ್‌ಪಿಎಲ್‌ಸಿ ಕೋರ್ಸಿಗೆ ಸೇರಿದ್ದಳು. ನಂಜನಗೂಡು ಕೈಗಾರಿಕಾ ಪ್ರದೇಶದ ಔಷಧ ಕಂಪನಿಗಳಲ್ಲಿ ಕ್ವಾಲಿಟಿ ಕಂಟ್ರೋಲ್ ಕೆಲಸ ಬೇಕು ಅಂದರೆ ಮೊದಲು ಕೇಳುವುದೇ ಎಚ್‌ಪಿಎಲ್‌ಸಿ ಬರುತ್ತಾ ಅಂತ. ಅಪ್ಪ ಹಸು ಮಾರಿ ಶುಲ್ಕ ಕಟ್ಟಿದ್ದರು. ಅವಳಿಗೆ ಸಿಕ್ಕಿದ್ದು ಸ್ಲೈಡು, ವಿಡಿಯೋ, ಮೇಲಿನ ಮಹಡಿಯ ಅದೇ ಯಂತ್ರದ ಮುಂದೆ ಗ್ರೂಪ್ ಫೋಟೋ, ಮತ್ತು ನಾಲ್ಕಾರು ಲಾಂಛನಗಳಿರುವ ಹೊಳೆಯುವ ಸರ್ಟಿಫಿಕೇಟು. ಇಂಟರ್‌ವ್ಯೂನಲ್ಲಿ ಕೇಳಿದ್ದು ಸಾದಾ ಪ್ರಶ್ನೆ: ಬೇಸ್‌ಲೈನ್ (ಯಂತ್ರದ ಗ್ರಾಫಿನ ತಳದ ಗೆರೆ) ಅಲುಗಾಡುತ್ತಿದ್ದರೆ ಮೊದಲು ಏನು ನೋಡ್ತೀರಾ? ಒಂದು ವಾರ ಯಂತ್ರದ ಮುಂದೆ ಕೂತವರಿಗೆ ಇದು ಬಾಯಲ್ಲೇ ಇರುತ್ತದೆ. ದ್ರಾವಕದಲ್ಲಿ ಗಾಳಿ ಉಳಿದಿದೆಯಾ, ಪಂಪಿನಲ್ಲಿ ಗುಳ್ಳೆ ಸಿಕ್ಕಿದೆಯಾ, ಡಿಟೆಕ್ಟರ್ ದೀಪ ಹಳೆಯದಾಯಿತಾ. ಅವಳು ಚುರುಕಾದ ಹುಡುಗಿ, ಪುಸ್ತಕದಲ್ಲಿದ್ದದ್ದನ್ನೆಲ್ಲ ಹೇಳಿದಳು. ಆದರೆ ಕೈಯಿಂದ ಮಾಡಿದವರ ಮಾತೇ ಬೇರೆ, ಕೇಳುವವರಿಗೆ ಅದು ತಕ್ಷಣ ತಿಳಿಯುತ್ತದೆ.

ತರಬೇತಿಗೆ ಸೇರುವವರು ಒಂದೇ ಪ್ರಶ್ನೆ ಕೇಳಿ: ನನ್ನ ಕೈಯಲ್ಲಿ ಎಷ್ಟು ಇಂಜೆಕ್ಷನ್ (ಯಂತ್ರಕ್ಕೆ ಮಾದರಿ ಕೊಡುವುದು) ಮಾಡಿಸುತ್ತೀರಿ? ನಿಜವಾದ ಕೇಂದ್ರದಲ್ಲಿ ವಿದ್ಯಾರ್ಥಿಯೇ ದ್ರಾವಕ ಬೆರೆಸಿ, 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಗಾಳಿ ತೆಗೆದು, ಕಾಲಂ ಹದಕ್ಕೆ ಬರುವ ತನಕ ಕಾದು, ತಾನೇ ಮಾದರಿ ಕೊಡುತ್ತಾನೆ. ಹಿಂದಿನ ಬ್ಯಾಚಿನವರು ತೆಗೆದ ಕ್ರೊಮಾಟೋಗ್ರಾಮಿನ, ಅಂದರೆ ಯಂತ್ರ ಕೊಡುವ ಗ್ರಾಫಿನ, ಪ್ರಿಂಟ್ ತೋರಿಸಿ ಅನ್ನಿ. ಅದರಲ್ಲಿ ದಿನಾಂಕ, ಸಮಯ ಯಂತ್ರವೇ ಹಾಕಿರುತ್ತದೆ. ಸರ್ಟಿಫಿಕೇಟ್ ವಿಶ್ವವಿದ್ಯಾಲಯದ್ದಾ, ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿಗೆ ಸೇರಿದ್ದಾ, ಇಲ್ಲಾ ಕೇಂದ್ರ ತಾನೇ ಅಚ್ಚು ಹಾಕಿಸಿಕೊಂಡದ್ದಾ ಅನ್ನುವುದನ್ನೂ ಕೇಳಿ.

ಇಷ್ಟೆಲ್ಲ ಮೈಸೂರಿನಲ್ಲಿ ನಡೆಯುತ್ತಿದೆ ಅನ್ನುವುದು ನನಗೆ ಇನ್ನೂ ಸಂಕಟ. 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಇರುವ ಊರು ಇದು, 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾಲಯ (ಡಿಎಫ್‌ಆರ್‌ಎಲ್) ಶುರುವಾದದ್ದೂ ಇಲ್ಲೇ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ವಿಜ್ಞಾನ ಭವನದಲ್ಲಿ ದೊಡ್ಡ ಯಂತ್ರಗಳಿವೆ. ಸಿಎಫ್‌ಟಿಆರ್‌ಐ ಅಲ್ಪಾವಧಿ ತರಬೇತಿಗಳನ್ನೂ ನಡೆಸುತ್ತದೆ. 2020ರ ಜನವರಿಯಲ್ಲಿ ಶುರುವಾದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ ಅಂತ ಹುಡುಕಿ ಬುಕ್ ಮಾಡಬಹುದು. ಕಾಲೇಜಿನಲ್ಲಿ ಯಂತ್ರ ಇಲ್ಲದಿದ್ದರೂ ಪರವಾಗಿಲ್ಲ. ಇಲ್ಲ ಅಂತ ನಿಜ ಹೇಳಿ, ಇಂಥ ಕಡೆ ಮಾಡಿಸಿಕೊಡುತ್ತೇವೆ ಅನ್ನುವ ಸಣ್ಣ ಕೇಂದ್ರಕ್ಕೆ ಧೈರ್ಯವಾಗಿ ಸೇರಿ.

ನಾನು ಬಿಟ್ಟು ಬೇರೆ ಕಡೆ ವರ್ಗಾವಣೆ ಕೇಳಿದಾಗ ಉಳಿದ ವರ್ಷಗಳ ಶುಲ್ಕ ಕಟ್ಟಿ ಅಂದರು. ನನ್ನ ಮೂಲ ಅಂಕಪಟ್ಟಿಗಳು ಅವರ ಬೀರುವಿನಲ್ಲಿದ್ದವು. ಯುಜಿಸಿಯ 2018ರ ಅಧಿಸೂಚನೆ ಇದನ್ನು ಖಂಡತುಂಡವಾಗಿ ಹೇಳುತ್ತದೆ: ಪರಿಶೀಲಿಸಿದ ಕೂಡಲೇ ಮೂಲ ದಾಖಲೆ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ. ಸಂಶೋಧನಾ ವಿದ್ಯಾರ್ಥಿಗಳಿಗೂ ಇದು ಅನ್ವಯಿಸುತ್ತದೆ. ಬಾಯಿಮಾತಿನಲ್ಲಿ ಎಷ್ಟು ಕೇಳಿದರೂ ಕೊಡದವರು, ಅಧಿಸೂಚನೆಯ ಪ್ರತಿ ಲಗತ್ತಿಸಿ ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟು, ವಿಶ್ವವಿದ್ಯಾಲಯಕ್ಕೆ ನಕಲು ಕಳಿಸಿ, ಯುಜಿಸಿಯ ದೂರು ಪೋರ್ಟಲ್ ಇ-ಸಮಾಧಾನ್‌ನಲ್ಲಿ ದೂರು ದಾಖಲಿಸಿದ ಮೇಲೆ ಕೊಟ್ಟರು. ಶುಲ್ಕ ಬರಲಿಲ್ಲ. ಪ್ರವೇಶದ ಕೊನೆಯ ದಿನಾಂಕ ದಾಟಿ 30 ದಿನದ ಮೇಲಾದರೆ ವಾಪಸಾತಿ ಇಲ್ಲ ಅಂತ ಅದೇ ಅಧಿಸೂಚನೆಯಲ್ಲಿದೆ. ಹಾಗಾಗಿ ನೋಡುವುದನ್ನೆಲ್ಲ ಆ ಗಡುವಿನೊಳಗೆ ನೋಡಿ ಮುಗಿಸಿ. ಈಗ ಬೇರೆ ಗೈಡ್ ಬಳಿ ಹೊಸದಾಗಿ ನೋಂದಾಯಿಸಿದ್ದೇನೆ, ಅದೇ ವಿಷಯ, ಮತ್ತೆ ಮೊದಲಿನಿಂದ.

ಸೇರುವ ಮುಂಚೆ ಕೇಂದ್ರದ ಮಾನ್ಯತಾ ಪತ್ರದ ಪ್ರತಿ ಕೇಳಿ. ಯಾವ ವಿಷಯಕ್ಕೆ, ಯಾವ ದಿನಾಂಕದವರೆಗೆ, ಯಾವ ಗೈಡುಗಳ ಹೆಸರಲ್ಲಿ ಅನ್ನುವುದು ಅದರಲ್ಲಿರಬೇಕು. ಕಾಲೇಜು ತೋರಿಸದಿದ್ದರೆ ಮಾನ್ಯತೆ ಕೊಟ್ಟ ವಿಶ್ವವಿದ್ಯಾಲಯಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರುವಂತಿಲ್ಲ, ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು. ಆದ್ದರಿಂದ ಗೈಡ್ ಬಳಿ ಖಾಲಿ ಇರುವ ಜಾಗದ ವಿವರಕ್ಕೆ ಬೇರೆಯೇ ಅರ್ಜಿ ಹಾಕಿ, ಮಾನ್ಯತಾ ಪತ್ರದ ಜೊತೆ ಸೇರಿಸಬೇಡಿ, ಸೇರಿಸಿದರೆ ಮೊದಲ ವಿಷಯಕ್ಕಷ್ಟೇ ಉತ್ತರ ಕೊಟ್ಟು ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಅನ್ನಬಹುದು. ನಾನು ಬರೆದ ಅರ್ಜಿಗಳು, ಅಂಕಪಟ್ಟಿ ವಾಪಸ್ ಕೇಳಿದ ಪತ್ರ ಎಲ್ಲವೂ ಕನ್ನಡದಲ್ಲೇ ಇವೆ. ಬೇಕಾದವರಿಗೆ ಹೆಸರು ತೆಗೆದು ಕೊಡುತ್ತೇನೆ.