ಅಣಬೆ ಕೋಣೆಗೆ ಗಾಳಿ: ಎಳೆಯುವ ಫ್ಯಾನೋ, ತಳ್ಳುವ ಬ್ಲೋವರೋ?

ನನ್ನ ಓಟು ಬ್ಲೋವರ್‌ಗೆ. ಹುಬ್ಬಳ್ಳಿಯ ಗದಗ ರೋಡ್ ಕಡೆ ನಮ್ಮ ಮನೆ. ಹಿತ್ತಲಿನ ಹಳೇ ಬಚ್ಚಲಲ್ಲಿ ಚಿಪ್ಪಣಬೆ ಚೀಲ ತೂಗುಹಾಕಿದ್ದೇನೆ. ಅಲ್ಲಿ ಮೊದಲಿದ್ದದ್ದು ಎಕ್ಸಾಸ್ಟ್ ಫ್ಯಾನ್. ಈಗಿರೋದು ಹೊರಗಿನ ಗಾಳಿಯನ್ನು ಫಿಲ್ಟರ್ ಬಟ್ಟೆಯಲ್ಲಿ ಸೋಸಿ ಒಳಗೆ ತಳ್ಳುವ ಪುಟ್ಟ ಬ್ಲೋವರ್.

ಚೀಲದಲ್ಲಿ ಅಣಬೆಯ ಬಿಳಿ ಎಳೆ ಹಬ್ಬುವ ಎರಡು-ಮೂರು ವಾರ ಗಾಳಿಯ ತಲೆಬಿಸಿ ಇಲ್ಲ. ಮೊಗ್ಗು ಬರುವಾಗ ಮಾತ್ರ ಕಾರ್ಬನ್ ಡೈಆಕ್ಸೈಡ್ 1,000 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸಾವಿರ ಪಾಲು) ಒಳಗಿದ್ದರೆ ಒಳ್ಳೆಯದು. ಅಳೆಯೋಕೆ ಮೀಟರ್ ಬೇಡ, ದಂಟು ನೋಡಿ. ಗಾಳಿ ಸಾಲದಿದ್ದರೆ ದಂಟು ಉದ್ದ, ಟೋಪಿ ಅಂಗಿ ಗುಂಡಿಯಷ್ಟು.

ಈ ಕಾರ್ಬನ್ ಡೈಆಕ್ಸೈಡ್ ಹೊರಗೆ ಹಾಕುವ ಕೆಲಸವನ್ನು ಎಕ್ಸಾಸ್ಟ್ ಫ್ಯಾನ್ ಚೆನ್ನಾಗಿಯೇ ಮಾಡಿತು. ಆದರೆ ಹೊರಗೆ ಹೋದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕಲ್ವಾ? ಕಿಟಕಿಗೆ ಫಿಲ್ಟರ್ ಬಟ್ಟೆ ಬಿಗಿದಿದ್ದೆ. ಬಟ್ಟೆಯಲ್ಲಿ ನುಸುಳಿ ಬರೋದು ಗಾಳಿಗೆ ಕಷ್ಟ, ಬಚ್ಚಲ ತೂತು ಸಲೀಸು. ಊದಿನಕಡ್ಡಿ ಹಚ್ಚಿ ತೂತಿನ ಹತ್ತಿರ ಹಿಡಿದರೆ ಹೊಗೆ ಸೀದಾ ಕೋಣೆಯ ಕಡೆ! ಆ ದಾರಿಯಲ್ಲೇ ನುಸಿಗಳೂ ಬಂದವು. ಚೀಲದಲ್ಲಿ ಹುಳ ಬಿದ್ದವು, ಹಸಿರು ಬೂಸ್ಟೂ ಹಿಡಿಯಿತು.

ತೂತು ಮುಚ್ಚಿದರಾಯಿತು ಅಂತೀರಿ. ದಿನಾ ನೀರು ಸಿಂಪಡಿಸಬೇಕು, ಆ ನೀರು ಹೋಗೋಕೆ ದಾರಿ ಬೇಡವೇ? ಬಾಗಿಲ ಸಂದಿಗೆ ಗೋಣಿ ತುರುಕಿದೆ. ತೂತಿನಿಂದ ಎಳೆತ ಇನ್ನೂ ಜೋರಾಯಿತು. ಇದೊಂದೇ ಕಿರಿಕಿರಿಗೆ ಆ ಫ್ಯಾನ್ ಕಿತ್ತೆ.

ಬ್ಲೋವರ್‌ನದು ಉಲ್ಟಾ ಲೆಕ್ಕ. ಕೋಣೆಯಲ್ಲಿ ಗಾಳಿ ಒತ್ತಿಕೊಂಡು ಅದೇ ಸಂದಿಗಳಿಂದ ಹೊರಗೆ ಹೋಗುತ್ತದೆ. ಊದಿನಕಡ್ಡಿ ಹೊಗೆ ಈಗ ತೂತಿನೊಳಗೇ ಇಳಿಯುತ್ತದೆ. ನುಸಿ ಪೂರ್ತಿ ಹೋಗಿಲ್ಲ, ಬಾಗಿಲು ತೆಗೆದಾಗ ಒಂದೆರಡು ಬರುತ್ತವೆ. ನಮ್ಮ ರೋಡಿನ ಲಾರಿ ಧೂಳಿಗೆ ಫಿಲ್ಟರ್ ಬಟ್ಟೆ ಬೇಗ ಬೂದಿ ಬಣ್ಣವಾಗುತ್ತದೆ. ಒಗೆದು ಒಣಗಿಸಿ ಮತ್ತೆ ಹಾಕುತ್ತೇನೆ.

ಹೆಪಾ ಫಿಲ್ಟರ್ ಕೊಳ್ಳಬೇಡಿ. 0.3 ಮೈಕ್ರಾನ್ ಕಣಗಳನ್ನು ಶೇ. 99.97ರಷ್ಟು ತಡೆಯುತ್ತದೆ, ನಿಜ. ಆದರೆ ಸಣ್ಣ ಫ್ಯಾನಿಗೆ ಅದರಿಂದ ಗಾಳಿ ಎಳೆಯುವ ತಾಕತ್ತಿಲ್ಲ. ಎಳೆ ಪೂರ್ತಿ ಹಬ್ಬಿದ ಚೀಲಕ್ಕೆ ಅಷ್ಟು ಶುದ್ಧ ಗಾಳಿ ಬೇಕಾಗಿಯೂ ಇಲ್ಲ.

ಬ್ಲೋವರ್ ಸದ್ದು ಜಾಸ್ತಿ. ಗಾಳಿ ನೇರ ಬಡಿದರೆ ಮೊಗ್ಗು ಒಣಗುತ್ತವೆ, ಮುಂದೊಂದು ಹಲಗೆ ನಿಲ್ಲಿಸಿ. ಎಕ್ಸಾಸ್ಟ್ ಗೆಲ್ಲೋದು ಒಂದೇ ಕಡೆ: ಅಣಬೆ ಉದುರಿಸುವ ಬೀಜಕಣದ ಪುಡಿಯನ್ನು ಹೊರಗೆ ಹಾಕುತ್ತದೆ. ಬ್ಲೋವರ್ ಅದನ್ನು ಬಾಗಿಲ ಸಂದಿಯಿಂದ ಮನೆ ಕಡೆಗೇ ಕಳಿಸುತ್ತದೆ, ಅದಕ್ಕೆ ಕೆಮ್ಮು ಬರುತ್ತದೆ. ಟೋಪಿಯ ಅಂಚು ಮೇಲಕ್ಕೆ ಮಡಚುವ ಮೊದಲೇ ಕೀಳಿ, ಮೂಗಿಗೆ ಮಾಸ್ಕ್ ಇರಲಿ.

ನಾನು ದಿನಾ ಧಾರವಾಡಕ್ಕೆ ಕೆಲಸಕ್ಕೆ ಹೋಗುವವನು. ಹಾಗಾಗಿ ಬ್ಲೋವರ್‌ಗೆ ಟೈಮರ್ ಹಾಕಿದ್ದೇನೆ, ಖರ್ಚಾದರೂ ಪರವಾಗಿಲ್ಲ. ಮನೆಯಲ್ಲೇ ಇರುವವರು, ನಾಲ್ಕೈದು ಚೀಲ ಅಷ್ಟೇ ಅಂದರೆ ಎರಡೂ ಬೇಡ. ಸುಮ್ನೆ ದಿನಕ್ಕೆ ಮೂರ್ನಾಲ್ಕು ಸಲ ಬಾಗಿಲು ತೆಗೆದು ಮೊರದಿಂದ ಬೀಸಿ. ಬಚ್ಚಲ ತೂತೇ ಇಲ್ಲದ, ಬಾಗಿಲು ಬಿಗಿಯಾಗಿ ಮುಚ್ಚುವ ಕೋಣೆ ನಿಮ್ಮದಾದರೆ, ಕಿಟಕಿಗೆ ದೊಡ್ಡ ಫಿಲ್ಟರ್ ಬಟ್ಟೆ ಕಟ್ಟಿ ಇರೋ ಎಕ್ಸಾಸ್ಟ್ ಫ್ಯಾನನ್ನೇ ನಡೆಸಿ.